ಅರ್ಥ್‌ಸೀ ಓದುಗರನ್ನು ಇಬ್ಭಾಗ ಮಾಡಿದ ನಾಲ್ಕನೇ ಪುಸ್ತಕ

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಅಭಿಮಾನಿಗಳಲ್ಲಿ ಒಂದು ಜಗಳ ಇನ್ನೂ ಮುಗಿದಿಲ್ಲ. ಅದು ಅವರ ‘ಅರ್ಥ್‌ಸೀ’ ಬಗ್ಗೆ, ಅಂದರೆ ಮಂತ್ರವಾದಿಗಳೂ ಡ್ರ್ಯಾಗನ್‌ಗಳೂ ಇರುವ ಕಾಲ್ಪನಿಕ ದ್ವೀಪಲೋಕದ ಪುಸ್ತಕಸರಣಿಯ ಬಗ್ಗೆ. ಅರ್ಥ್‌ಸೀ ಕಥೆ 1972ರಲ್ಲಿ, ಮೂರನೇ ಪುಸ್ತಕಕ್ಕೇ ನಿಲ್ಲಬೇಕಿತ್ತು ಅನ್ನುವವರು ಒಂದು ಕಡೆ. 1990ರ ನಾಲ್ಕನೇ ಪುಸ್ತಕ ‘ತೆಹಾನು’ ಬಾರದಿದ್ದರೆ ಮೊದಲ ಮೂರೂ ಅರ್ಧಕ್ಕೇ ನಿಲ್ಲುತ್ತಿದ್ದವು ಅನ್ನುವವರು ಇನ್ನೊಂದು ಕಡೆ. ನಾನು ಎರಡನೇ ಕಡೆಯವರ ಜೊತೆ.

ಶುರುವಾಗಿದ್ದು ಒಬ್ಬ ಪ್ರಕಾಶಕರ ಕೋರಿಕೆಯಿಂದ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಪಾರ್ನಾಸಸ್ ಪ್ರೆಸ್‌ನವರು, ಸ್ವಲ್ಪ ದೊಡ್ಡ ಮಕ್ಕಳಿಗೆ ಏನಾದರೂ ಬರೆದುಕೊಡಿ ಎಂದರು. ಕಥೆಗಳ ಮಂತ್ರವಾದಿಗಳೆಲ್ಲ ಬಿಳಿಗಡ್ಡದ ಮುದುಕರು. ಅವರೂ ಒಂದು ಕಾಲಕ್ಕೆ ಹುಡುಗರೇ ಅಲ್ವಾ, ವಿದ್ಯೆ ಕಲಿತದ್ದು ಎಲ್ಲಿ? ಈ ಯೋಚನೆಯಿಂದಲೇ 1968ರಲ್ಲಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಬಂತು. ಗಾಂಟ್ ದ್ವೀಪದಲ್ಲಿ ಆಡು ಮೇಯಿಸುವ ಗೆಡ್, ರೋಕ್ ದ್ವೀಪದ ಶಾಲೆ ಸೇರುತ್ತಾನೆ. ಜಂಬದಿಂದ ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಡುತ್ತಾನೆ.

ಗೆಡ್ ತಾಮ್ರಗಂದು ಬಣ್ಣದವನು. ಅವನ ಗೆಳೆಯ ವೆಚ್ ಕಪ್ಪು. ದೋಣಿಯಲ್ಲಿ ಬಂದು ಊರು ಸುಡುವ ಕಾರ್ಗ್ ಜನ ಬಿಳಿಯರು. ಇದನ್ನು ಲೆ ಗ್ವಿನ್ ಬೇಕೆಂದೇ ಮಾಡಿದ್ದರು, ಆದರೆ ಸದ್ದು ಮಾಡದೆ ಕಥೆಯೊಳಗೆ ಬೆರೆಸಿದ್ದರು. ಆದರೂ ಎಷ್ಟೋ ಮುಖಪುಟಗಳಲ್ಲಿ ಗೆಡ್ ಬಿಳಿಯನಾದ. 2004ರಲ್ಲಿ ಸೈ ಫೈ ಚಾನೆಲ್ ಇದನ್ನು ಕಿರುಸರಣಿ ಮಾಡಿದಾಗಲೂ ಬಿಳಿಯ ನಟನೇ ಗೆಡ್. ಲೆ ಗ್ವಿನ್ ‘ಸ್ಲೇಟ್’ ಪತ್ರಿಕೆಯಲ್ಲಿ ನೇರವಾಗಿ ಪ್ರತಿಭಟಿಸಿದರು. ಈ ಬಗೆಯ ಸಾಹಿತ್ಯದಲ್ಲಿ ತಮಗೂ ಜಾಗ ಇದೆ ಅನ್ನಿಸಿದ್ದು ಅರ್ಥ್‌ಸೀಯಲ್ಲಿ ಮಾತ್ರ ಎಂದು ಬಿಳಿಯರಲ್ಲದ ಓದುಗರು ತಮಗೆ ಹೇಳಿದ್ದನ್ನೂ ಅಲ್ಲಿ ನೆನೆದರು. ನನಗೆ ಆ ಲೇಖನದಲ್ಲಿ ತುಂಬಾ ಮುಖ್ಯ ಅನ್ನಿಸುವುದು ಆ ಮಾತೇ.

ಬಣ್ಣದ ವಿಷಯದಲ್ಲಿ ಇಷ್ಟು ಮುಂದಿದ್ದ ಪುಸ್ತಕ ಹೆಂಗಸರ ವಿಷಯದಲ್ಲಿ ಹಳೆಯ ದಾರಿಯನ್ನೇ ಹಿಡಿದಿತ್ತು. ರೋಕ್ ಶಾಲೆಗೆ ಹುಡುಗರಿಗೆ ಮಾತ್ರ ಪ್ರವೇಶ. ಹೆಂಗಸರ ಮಂತ್ರ ದುರ್ಬಲ, ಕೆಟ್ಟದ್ದು ಎಂಬುದು ಅಲ್ಲಿ ಗಾದೆಮಾತು. 1971ರ ‘ದ ಟೂಂಬ್ಸ್ ಆಫ್ ಆಟುವಾನ್’ನಲ್ಲಿ ತೆನಾರ್ ಎಂಬ ಹುಡುಗಿ ಬಂದಳು, ಕತ್ತಲ ಗುಡಿಯಿಂದ ಬಿಡುಗಡೆಯನ್ನೂ ಪಡೆದಳು. ಆಮೇಲೆ? ಮೂರನೇ ಪುಸ್ತಕದಲ್ಲಿ ಅವಳ ಕಥೆಯೇ ಇಲ್ಲ. ಸ್ತ್ರೀವಾದಿ ಓದುಗರು ಇದನ್ನು ಎತ್ತಿ ತೋರಿಸಿದರು.

ಲೆ ಗ್ವಿನ್ ಅವರ ಇನ್ನೊಂದು ಕಾದಂಬರಿ, 1969ರ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ಗೂ ಇಂಥದ್ದೇ ಟೀಕೆ ಬಂದಿತ್ತು. ಗಂಡು ಹೆಣ್ಣೆಂಬ ಭೇದವಿಲ್ಲದ ಜನರನ್ನು ‘ಅವನು’ ಎಂದೇ ಕರೆದದ್ದೇಕೆ ಎಂದು ಜನ ಕೇಳಿದರು. 1976ರ ಒಂದು ಪ್ರಬಂಧದಲ್ಲಿ ಲೆ ಗ್ವಿನ್ ಅದನ್ನು ಸಮರ್ಥಿಸಿಕೊಂಡರು. ಸುಮಾರು ಹತ್ತು ವರ್ಷದ ಬಳಿಕ ಅದೇ ಪ್ರಬಂಧಕ್ಕೆ ಟಿಪ್ಪಣಿ ಸೇರಿಸಿ, ತಮ್ಮ ನಿಲುವು ಬದಲಾಗಿದೆ ಎಂದರು. ಹಳೆಯ ಸಾಲುಗಳನ್ನು ಮಾತ್ರ ಅಳಿಸಲಿಲ್ಲ.

ಅರ್ಥ್‌ಸೀಯಲ್ಲೂ ಹಾಗೆಯೇ ಮಾಡಿದರು. ಲೋಕ ಅದೇ, ನೋಡುವ ಜಾಗ ಬೇರೆ. ‘ತೆಹಾನು’ ನಡೆಯುವುದು ಅಡುಗೆಮನೆ, ಹೊಲ, ಆಡಿನ ಕೊಟ್ಟಿಗೆಗಳಲ್ಲಿ. ತೆನಾರ್ ಈಗ ನಡುವಯಸ್ಸಿನ ವಿಧವೆ. ತನ್ನವರೇ ಅತ್ಯಾಚಾರ ಮಾಡಿ ಬೆಂಕಿಗೆ ನೂಕಿದ ಒಂದು ಮಗುವನ್ನು ಸಾಕುತ್ತಿದ್ದಾಳೆ. ಗೆಡ್ ಬರುತ್ತಾನೆ, ಆದರೆ ಅವನ ಶಕ್ತಿಯೆಲ್ಲ ಬರಿದಾಗಿದೆ. ಮಹಾಮಂತ್ರವಾದಿ ನಾಚಿಕೆಯಿಂದ ಮುಖ ಮರೆಸಿಕೊಳ್ಳುತ್ತಾನೆ, ಮತ್ತೆ ಆಡು ಕಾಯಲು ಹೋಗುತ್ತಾನೆ.

ಎಷ್ಟೋ ಓದುಗರಿಗೆ ಇದು ದ್ರೋಹ ಅನ್ನಿಸಿತು. ತಮ್ಮ ನಾಯಕನನ್ನು ಕುಗ್ಗಿಸಿದರು, ಕಥೆಗೆ ರಾಜಕೀಯ ತುರುಕಿದರು ಎಂದು ಬೇಸರಪಟ್ಟರು. ಇನ್ನೊಂದು ಕಡೆ ಅದೇ ಪುಸ್ತಕಕ್ಕೆ ವೈಜ್ಞಾನಿಕ ಮತ್ತು ಫ್ಯಾಂಟಸಿ ಕಥೆಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿ ಬಂತು. ದೂರುವವರು ಒಂದನ್ನು ಗಮನಿಸುವುದಿಲ್ಲ. ಗೆಡ್ ಶಕ್ತಿ ಕಳೆದುಕೊಂಡದ್ದು ‘ತೆಹಾನು’ವಿನಲ್ಲಿ ಅಲ್ಲ. ಸಾವಿನ ನಾಡಿನಲ್ಲಿ ತೆರೆದ ಬಿರುಕನ್ನು ಮುಚ್ಚಲು ಅವನು ಅದನ್ನೆಲ್ಲ ಸುರಿದದ್ದು ಮೂರನೇ ಪುಸ್ತಕ ‘ದ ಫಾರ್ದೆಸ್ಟ್ ಶೋರ್’ನಲ್ಲಿ. ಅಲ್ಲಿ ಅದು ತ್ಯಾಗವಾಗಿ ಕಂಡಿತು. ಶಕ್ತಿ ಹೋದ ಗಂಡಸು ಮರುದಿನ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಎಂದು ಕೇಳಿದ್ದು ನಾಲ್ಕನೇ ಪುಸ್ತಕ. ಜನರಿಗೆ ಕಸಿವಿಸಿ ಆಗಿದ್ದು ಈ ಪ್ರಶ್ನೆಯಿಂದ ಎಂದೇ ನನ್ನ ನಂಬಿಕೆ.

‘ತೆಹಾನು’ವನ್ನು ಕೊನೆಯ ಪುಸ್ತಕ ಎಂದೇ ಕರೆದಿದ್ದರು. ಆದರೂ 2001ರಲ್ಲಿ ಒಂದು ಕಥಾಸಂಕಲನ ಮತ್ತು ‘ದ ಅದರ್ ವಿಂಡ್’ ಕಾದಂಬರಿ ಬಂದವು. ಲೆ ಗ್ವಿನ್ 2018ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಚಾರ್ಲ್ಸ್ ವೆಸ್ ಅವರ ಚಿತ್ರಗಳೊಂದಿಗೆ ಇಡೀ ಅರ್ಥ್‌ಸೀ ಒಂದೇ ಸಂಪುಟವಾಗಿ ಬಂತು. ಅದನ್ನು ಹಿಡಿದವರು ಹದಿನೆಂಟು ವರ್ಷ ಕಾಯಬೇಕಿಲ್ಲ. ಮೂರನೇ ಕಥೆಯ ಕೊನೆಯಲ್ಲಿ ಗೆಡ್‌ನನ್ನು ಹೊತ್ತು ಹಾರಿದ ಡ್ರ್ಯಾಗನ್, ಕೆಲವೇ ಪುಟಗಳ ಬಳಿಕ ಗಾಂಟ್‌ನಲ್ಲಿ ತೆನಾರ್ ಎದುರು ಇಳಿಯುತ್ತದೆ.