ಕಾವಲುಗಾರನನ್ನು ಮಲಗಿಸುವ ಬಳ್ಳಿ

ಪೆರು ದೇಶದ ಇಕ್ವಿಟೋಸ್ ನಗರಕ್ಕೆ ದೇಶದ ಉಳಿದ ಭಾಗದಿಂದ ರಸ್ತೆಯೇ ಇಲ್ಲ. ವಿಮಾನ ಹತ್ತಬೇಕು, ಇಲ್ಲವೇ ದಿನಗಟ್ಟಲೆ ದೋಣಿಯಲ್ಲಿ ಕೂರಬೇಕು. ಆ ಊರಿನ ಬೆಲೆನ್ ಮಾರುಕಟ್ಟೆಯೊಳಗೆ ಪಸಾಹೆ ಪಕೀಟೊ ಎಂಬ ಓಣಿಯಿದೆ, ನಮ್ಮ ಗ್ರಂದಿಗೆ ಅಂಗಡಿಗಳನ್ನೆಲ್ಲ ಒಂದೇ ಸಾಲಿಗೆ ತಂದು ನಿಲ್ಲಿಸಿದ ಹಾಗೆ. ತೊಗಟೆಯ ಹೊರೆ, ಬೇರಿನ ಕಟ್ಟು, ಮಪಾಚೊ ಎಂಬ ಕಾರದ ಹೊಗೆಸೊಪ್ಪಿನ ಸುರುಳಿ, ಹಳೆಯ ಬಾಟಲಿಗಳಲ್ಲಿ ತುಂಬಿಟ್ಟ ಕಂದು ಕಷಾಯ. ಎಲ್ಲದಕ್ಕೂ ಹೆಸರು ಒಂದೇ: ಮೆಡಿಸಿನಾ, ಅಂದರೆ ಮದ್ದು.

ಅಮೆಜಾನಿನ ಶಾಮನ ವಿದ್ಯೆ, ಅಂದರೆ ಹಾಡು ಆಚರಣೆಗಳ ಮೂಲಕ ರೋಗ ನೋಡುವ ವೈದ್ಯರ ವಿದ್ಯೆ, ಮತ್ತು ಸಸ್ಯೌಷಧದ ಬಗ್ಗೆ ನಡೆಯುವ ಸಮಾವೇಶಗಳಲ್ಲೂ ಈ ಒಂದು ಪದದ ಅಡಿಯಲ್ಲಿ ಎಲ್ಲವೂ ಬಂದು ಕೂರುತ್ತದೆ. ಇಂಥ ಸಭೆಗಳು ಇಕ್ವಿಟೋಸ್‌ನಲ್ಲಿ ನಡೆದಿವೆ. ಅಯಾವಾಸ್ಕಾ ಎಂಬುದು ಅಲ್ಲಿನ ಒಂದು ಬಳ್ಳಿ; ಅದನ್ನು ಒಂದು ಎಲೆಯೊಂದಿಗೆ ಕುದಿಸಿ ಮಾಡುವ, ದೃಶ್ಯ ತೋರಿಸುವ ಕಷಾಯದ ಹೆಸರೂ ಅದೇ. ಅದರ ಹೆಸರಿನ ವಿಶ್ವ ಅಯಾವಾಸ್ಕಾ ಸಮ್ಮೇಳನ 2014ರಲ್ಲಿ ಸ್ಪೇನಿನ ಇಬಿಜಾದಲ್ಲಿ, 2016ರಲ್ಲಿ ಬ್ರೆಜಿಲ್‌ನ ರಿಯೊ ಬ್ರಾಂಕೊದಲ್ಲಿ, 2019ರಲ್ಲಿ ಸ್ಪೇನಿನ ಗಿರೋನಾದಲ್ಲಿ ನಡೆಯಿತು. ವೇದಿಕೆಯ ಮೇಲೆ ಮಾನವಶಾಸ್ತ್ರಜ್ಞರು, ಔಷಧವಿಜ್ಞಾನಿಗಳು, ವಕೀಲರು, ಹಾಡುವ ವೈದ್ಯರು ಒಬ್ಬರ ಹಿಂದೆ ಒಬ್ಬರು ಮಾತಾಡುತ್ತಾರೆ. ಹೊರಗೆ ಮಳಿಗೆಗಳಲ್ಲಿ ಕಪ್ಪೆಯ ಸ್ರಾವದಿಂದ ಹಿಡಿದು ತೊಗಟೆಯ ಸಾರಾಯಿಯವರೆಗೆ ಎಲ್ಲವೂ ‘ಪವಿತ್ರ ಮದ್ದು’. ಆದರೆ ಈ ಒಂದೊಂದರ ರಸಾಯನವೂ ಬೇರೆ, ದೇಹದಲ್ಲಿ ಅದು ಮಾಡುವ ಕೆಲಸವೂ ಬೇರೆ, ಕೊಲ್ಲುವ ದಾರಿಯೂ ಬೇರೆ. ಅಂಥ ಸಭೆಗೆ ಹೋಗುವವರು ಈ ವ್ಯತ್ಯಾಸ ತಿಳಿದು ಹೋದರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು.

ಮೊದಲು ‘ಶಾಮನ’ ಪದ. ಅದು ಅಮೆಜಾನಿನದಲ್ಲ, ಸೈಬೀರಿಯದ ಎವೆಂಕಿ ಜನರ ಭಾಷೆಯಿಂದ ಬಂದದ್ದು. ಅದರ ಮೂಲ ನಮ್ಮ ‘ಶ್ರಮಣ’ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಉಕಾಯಾಲಿ ನದಿಯ ಶಿಪಿಬೊ ಜನ ತಮ್ಮ ವೈದ್ಯನನ್ನು ‘ಒನಾನ್ಯ’ ಎನ್ನುತ್ತಾರೆ, ಅಂದರೆ ಬಲ್ಲವನು. ಕೊಲಂಬಿಯದಲ್ಲಿ ‘ತೈತಾ’. ಪೆರುವಿನ ಮಿಶ್ರ ಸಮುದಾಯಗಳಲ್ಲಿ ‘ಕುರಾಂದೆರೊ’ ಅಥವಾ ‘ವೆಹೆತಾಲಿಸ್ತಾ’. ಹೊಗೆಸೊಪ್ಪಿನಲ್ಲಿ ಪಳಗಿದವನು ‘ತಬಾಕೆರೊ’. ಪರಿಚಯಪತ್ರದಲ್ಲಿ ಬರೀ ‘ಶಾಮನ್’ ಎಂದಿದ್ದರೆ ಯಾವ ಜನರ ನಡುವೆ, ಯಾರ ಬಳಿ, ಎಷ್ಟು ವರ್ಷ ಕಲಿತದ್ದು ಎಂದು ಕೇಳುವುದು ಅವಮಾನವೇನಲ್ಲ. ಕಲಿತವರು ಖುಷಿಯಿಂದ ಹೇಳುತ್ತಾರೆ.

ಈಗ ಮುಖ್ಯ ಪಾತ್ರ, ಅಯಾವಾಸ್ಕಾ. ಕೆಚುವಾ ಭಾಷೆಯಲ್ಲಿ ‘ಅಯಾ’ ಎಂದರೆ ಸತ್ತವರು, ಆತ್ಮ. ‘ವಾಸ್ಕಾ’ ಎಂದರೆ ಹಗ್ಗ, ಬಳ್ಳಿ. ಬಾನಿಸ್ಟೀರಿಯಾಪ್ಸಿಸ್ ಕಾಪಿ ಎಂಬ ಈ ಹಂಬು ನಮ್ಮ ಕವಿಗಳ ಮಾಧವಿ ಲತೆಯ ಕುಟುಂಬದ್ದು. ಮಾಧವಿಯ ಕಾಯಿಗೆ ಮೂರು ರೆಕ್ಕೆ ಇರುವಂತೆ ಇದರ ಕಾಯಿಗೂ ಗಾಳಿಯಲ್ಲಿ ತಿರುಗುತ್ತ ಹೋಗುವ ರೆಕ್ಕೆಗಳಿವೆ. ಬಳ್ಳಿಯ ಜೊತೆ ಬೇಯುವ ಎಲೆ ಚಕ್ರೂನಾ, ಅಂದರೆ ಸೈಕೋಟ್ರಿಯಾ ವಿರಿಡಿಸ್. ಅದು ಕಾಫಿಯ ಕುಟುಂಬ. ಸೈಕೋಟ್ರಿಯಾ ಕುಲದ ಬೇರೆ ಪ್ರಭೇದಗಳು ನಮ್ಮ ಪಶ್ಚಿಮ ಘಟ್ಟದ ಕಾಡಿನ ನೆರಳಲ್ಲೂ ಬೆಳೆಯುತ್ತವೆ, ಆದರೆ ಕುಲ ಒಂದೇ ಎಂದ ಮಾತ್ರಕ್ಕೆ ಗುಣವೂ ಒಂದೇ ಅಲ್ಲ.

ಎಲೆಯಲ್ಲಿ ಡಿಎಂಟಿ ಎಂಬ ವಸ್ತುವಿದೆ. ನರಗಳ ನಡುವೆ ಸಂದೇಶ ಒಯ್ಯುವ ಸೆರೊಟೊನಿನ್‌ಗೆಂದು ಮಿದುಳಿನಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು ದೃಶ್ಯಗಳನ್ನು ಎಬ್ಬಿಸುವುದು ಅದೇ. ಆದರೆ ಎಲೆಯನ್ನಷ್ಟೇ ಕುದಿಸಿ ಕುಡಿದರೆ ಏನೂ ಆಗುವುದಿಲ್ಲ. ಕರುಳು ಮತ್ತು ಯಕೃತ್ತಿನಲ್ಲಿ ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಕಾವಲು ಕೂತಿದೆ. ಡಿಎಂಟಿ ರಕ್ತ ಸೇರುವ ಮೊದಲೇ ಅದನ್ನು ಮುರಿದು ಹಾಕುತ್ತದೆ. ಬಳ್ಳಿಯ ಹಾರ್ಮಿನ್ ಮತ್ತು ಹಾರ್ಮಲಿನ್ ಮಾಡುವ ಕೆಲಸ ಈ ಕಾವಲುಗಾರನನ್ನು ಕೆಲವು ಗಂಟೆ ಮಲಗಿಸುವುದು. ಈ ಗುಣ ಪ್ರಯೋಗಾಲಯದಲ್ಲಿ ಗೊತ್ತಾದದ್ದು 1958ರಲ್ಲಿ. ಬಳ್ಳಿಯ ಮೂರನೆಯ ಘಟಕ ಟೆಟ್ರಾಹೈಡ್ರೊಹಾರ್ಮಿನ್, ನರಕೋಶಗಳು ಸೆರೊಟೊನಿನ್ ಅನ್ನು ಮರಳಿ ಹೀರಿಕೊಳ್ಳುವುದನ್ನು ಸ್ವಲ್ಪ ತಡೆಯುತ್ತದೆ. ಹೊರಗಿನಿಂದ ಬಂದವರ ಗಮನವೆಲ್ಲ ಎಲೆಯ ಡಿಎಂಟಿ ಮೇಲೆ. ಕಾಡಿನ ವೈದ್ಯರು ಕಷಾಯಕ್ಕೆ ಹೆಸರಿಟ್ಟದ್ದು ಬಳ್ಳಿಯದು. ರಸಾಯನದ ದೃಷ್ಟಿಯಿಂದಲೂ ಅವರೇ ಸರಿ ಎನ್ನಬೇಕು: ಮುಂದೆ ಬರುವ ತೊಂದರೆಗಳಲ್ಲಿ ಬಹುಪಾಲಿನ ಮೂಲ ಎಲೆಯಲ್ಲ, ಬಳ್ಳಿ.

ಬಳ್ಳಿಗೆ ವೈಜ್ಞಾನಿಕ ಹೆಸರು ಕೊಟ್ಟವನು ಇಂಗ್ಲೆಂಡಿನ ರಿಚರ್ಡ್ ಸ್ಪ್ರೂಸ್. 1850ರ ದಶಕದಲ್ಲಿ ವೌಪೆಸ್ ನದಿಯ ಕಡೆ ಇದನ್ನು ಕಂಡು, ಕಾಂಡದ ತುಂಡುಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳಿಸಿದ. ಆ ಒಣಕಟ್ಟನ್ನು ಸುಮಾರು 115 ವರ್ಷದ ಮೇಲೆ ಪರೀಕ್ಷಿಸಿದಾಗ ಅದರ ತೂಕದ 0.4 ಶೇಕಡಾದಷ್ಟು ಆಲ್ಕಲಾಯ್ಡ್, ಅಂದರೆ ಹಾರ್ಮಿನ್‌ನಂಥ ಸಾರ, ಇನ್ನೂ ಉಳಿದಿತ್ತು. ಇದೇ ಸ್ಪ್ರೂಸ್ 1860ರಲ್ಲಿ ಇಕ್ವೆಡಾರಿನ ಬೆಟ್ಟಗಳಿಂದ ಕಳಿಸಿದ ಕೆಂಪು ತೊಗಟೆಯ ಸಿಂಕೋನಾ ನೀಲಗಿರಿಯಲ್ಲಿ ಬೇರೂರಿತು. ನಮ್ಮ ಅಜ್ಜ ಮುತ್ತಜ್ಜಂದಿರು ಮಲೇರಿಯಕ್ಕೆ ನುಂಗಿದ ಕಹಿ ಕ್ವಿನೈನಿನ ಗಿಡ. ಸಿಂಕೋನಾ ಕೂಡ ಕಾಫಿಯ ಕುಟುಂಬವೇ.

ಕಷಾಯ ಮಾಡುವ ಬಗೆ ಮೇಲುನೋಟಕ್ಕೆ ಸರಳ. ಬಳ್ಳಿಯನ್ನು ಮರದ ಕೊಡತಿಯಲ್ಲಿ ಜಜ್ಜಿ, ಎಲೆಯ ಜೊತೆ ಪದರವಾಗಿಟ್ಟು, ಇಡೀ ದಿನ ಕುದಿಸಿ ಬತ್ತಿಸುವುದು. ಆದರೆ ಬಳ್ಳಿಯ ವಯಸ್ಸು, ಮಣ್ಣು, ಎಲೆ ಕೊಯ್ದ ಹೊತ್ತು, ಬತ್ತಿಸಿದ ಮಟ್ಟ ಇವೆಲ್ಲ ಸೇರಿ ಒಂದು ಪಾತ್ರೆಯ ಕಷಾಯಕ್ಕೂ ಇನ್ನೊಂದರದ್ದಕ್ಕೂ ಸಾರದಲ್ಲಿ ಹಲವು ಪಟ್ಟು ವ್ಯತ್ಯಾಸ ಬರುತ್ತದೆ. ‘ಒಂದು ಲೋಟ’ ಎನ್ನುವುದು ಅಳತೆಯೇ ಅಲ್ಲ. ಬೇಯಿಸಿದವನೇ ಬಡಿಸುವ ಪದ್ಧತಿಗೆ ಇದು ಒಂದು ಕಾರಣ; ಅವನಿಗೆ ಆ ಪಾತ್ರೆಯ ಪರಿಚಯವಿರುತ್ತದೆ. ಸಭಾಂಗಣದ ಹೊರಗೆ ಮೂರನೆಯವರ ಕೈ ದಾಟಿ ಬರುವ ಬಾಟಲಿಗೆ ಆ ಭರವಸೆಯಿಲ್ಲ.

ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪರಿಣಾಮ ಶುರುವಾಗುತ್ತದೆ, ಒಂದೂವರೆ ಎರಡು ಗಂಟೆಗೆ ಏರಿ, ನಾಲ್ಕರಿಂದ ಆರು ಗಂಟೆಯಲ್ಲಿ ಇಳಿಯುತ್ತದೆ. ರಕ್ತದೊತ್ತಡ ಮತ್ತು ನಾಡಿ ಸ್ವಲ್ಪ ಏರುತ್ತವೆ. ವಾಂತಿ ಬರುತ್ತದೆ. ಅದಕ್ಕೇ ಕಷಾಯಕ್ಕೆ ‘ಲಾ ಪುರ್ಗಾ’ ಎಂಬ ಇನ್ನೊಂದು ಹೆಸರು, ಶೋಧನೆ ಎಂದರ್ಥ. ಕರುಳಲ್ಲಿ ಸೆರೊಟೊನಿನ್ ಹೆಚ್ಚಿದಾಗ ವೇಗಸ್ ನರ ಮಿದುಳಿಗೆ ಕೊಡುವ ಸೂಚನೆ ಇದು. ದೇಹದಿಂದ ‘ವಿಷ’ ಹೊರಗೆ ಹೋಗುತ್ತಿದೆ ಎನ್ನಲು ಆಧಾರವಿಲ್ಲ. ಕತ್ತಲಲ್ಲಿ ವೈದ್ಯ ಹಾಡುವ ‘ಇಕಾರೊ’ ಬರೀ ಅಲಂಕಾರವಲ್ಲ. ಹಾಡಿನ ಲಯ ಬದಲಿಸಿ ಕೂತವರ ಅನುಭವವನ್ನು ಏರಿಸುವುದು, ಇಳಿಸುವುದು ಅವನ ಕಸುಬು. ಈ ಪಾರಂಪರಿಕ ಜ್ಞಾನವನ್ನು ಪೆರು ಸರ್ಕಾರ 2008ರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತೆಂದು ಘೋಷಿಸಿತು.

ಇನ್ನು ಕೆಡುವ ಬಗೆ. ಕಾವಲುಗಾರ ಮಲಗಿದಾಗ ಬಾಗಿಲು ಡಿಎಂಟಿಗೆ ಮಾತ್ರ ತೆರೆದುಕೊಳ್ಳುವುದಿಲ್ಲ. ಖಿನ್ನತೆಗೆ ಕೊಡುವ ಫ್ಲುಒಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಾಲೊಪ್ರಾಮ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಸೆರೊಟೊನಿನ್ ಆಗಲೇ ಮೇಲಿರುತ್ತದೆ. ಅದರ ಮೇಲೆ ಬಳ್ಳಿ ಬಿದ್ದರೆ ಸೆರೊಟೊನಿನ್ ಸಿಂಡ್ರೋಮ್: ನಡುಕ, ಬೆವರು, ಕಾಲುಗಳ ಬಿಗಿತ ಮತ್ತು ಜಿಗಿತ, ಚಡಪಡಿಕೆ, ಏರುವ ಜ್ವರ. ಕತ್ತಲಲ್ಲಿ ಇದು ‘ಗಾಢ ಅನುಭವ’ದಂತೆಯೇ ಕಾಣುವುದರಿಂದ ಗುರುತಿಸುವುದು ತಡವಾಗುತ್ತದೆ. ಮೈ ಮುಟ್ಟಿದರೆ ಸುಡುತ್ತಿದ್ದರೆ, ಪಾದ ತನ್ನಷ್ಟಕ್ಕೆ ಬಡಿಯುತ್ತಿದ್ದರೆ ಅದು ಆಸ್ಪತ್ರೆಯ ವಿಷಯ, ಹಾಡಿನದಲ್ಲ. ಹಿಂದಿನ ದಿನ ಮಾತ್ರೆ ಬಿಟ್ಟೆ ಎಂದರೆ ಸಾಲದು. ಫ್ಲುಒಕ್ಸೆಟಿನ್ ದೇಹದಲ್ಲಿ ಎಷ್ಟು ನಿಧಾನವಾಗಿ ಕರಗುತ್ತದೆಂದರೆ, ಅದನ್ನು ನಿಲ್ಲಿಸಿ ಮೊನೊಅಮೈನ್ ಆಕ್ಸಿಡೇಸ್ ಕಿಣ್ವ ತಡೆಯುವ ಔಷಧ ಕೊಡುವ ಮೊದಲು ವೈದ್ಯರು ಐದು ವಾರ ಕಾಯುತ್ತಾರೆ. ಸಮಾವೇಶಕ್ಕಾಗಿ ಮಾತ್ರೆಯನ್ನು ತಾನೇ ಥಟ್ಟನೆ ನಿಲ್ಲಿಸುವುದು ಮತ್ತೊಂದು ಅಪಾಯ, ಕಾಯಿಲೆ ಮರುಕಳಿಸಬಹುದು.

ಖಿನ್ನತೆಯ ಮಾತ್ರೆ ಎಂದರೆ ಜನ ಎಚ್ಚರಾಗುತ್ತಾರೆ. ಎಚ್ಚರಾಗದೆ ಇರುವುದು ಪ್ರಯಾಣದ ಚೀಲದಲ್ಲಿರುವ ಕೆಮ್ಮಿನ ಸಿರಪ್ಪಿಗೆ. ಡೆಕ್ಸ್ಟ್ರೊಮೆಥಾರ್ಫನ್ ಇರುವ ಸಿರಪ್, ನೋವಿಗೆ ಕೊಡುವ ಟ್ರಮಡಾಲ್ ಎರಡೂ ಇದೇ ಪಟ್ಟಿಯಲ್ಲಿವೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಅಪಸ್ಮಾರದ ಭಯ. ತಮಗೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಸ್ಕಿಜೊಫ್ರೇನಿಯ, ಬೈಪೋಲಾರ್ ಇದ್ದರೆ, ಹೃದ್ರೋಗ ಅಥವಾ ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇದ್ದರೆ ಇದರ ಸಹವಾಸವೇ ಬೇಡ.

ಎರಡನೆಯ ಅಪಾಯ ಪಾತ್ರೆಗೆ ಸೇರಿಸುವ ಮೂರನೆಯ ಗಿಡ. ಟೋಯೆ, ಅಂದರೆ ಬ್ರುಗ್‌ಮಾನ್ಸಿಯಾ, ನಮ್ಮ ಉಮ್ಮತ್ತದ ಹತ್ತಿರದ ನೆಂಟ. ತೂಗುವ ದೊಡ್ಡ ಗಂಟೆಹೂವಿಗಾಗಿ ಮಲೆನಾಡಿನ ತೋಟಗಳಲ್ಲೂ ಬೆಳೆಸುತ್ತಾರೆ. ಇದರ ಸ್ಕೊಪೊಲಮಿನ್ ಬೇರೆಯೇ ಜಾತಿಯ ವಿಷ. ಬಾಯಿ ಒಣಗುತ್ತದೆ, ಪಾಪೆ ಹಿಗ್ಗಿ ಹತ್ತಿರದ್ದು ಮಸುಕಾಗುತ್ತದೆ, ಮೂತ್ರ ಕಟ್ಟುತ್ತದೆ, ಇಲ್ಲದ ಮನುಷ್ಯರ ಜೊತೆ ಮಾತು ಶುರುವಾಗುತ್ತದೆ. ಅಯಾವಾಸ್ಕಾ ಕುಡಿದವನಿಗೆ ತಾನು ಕಾಣುತ್ತಿರುವುದು ದೃಶ್ಯವೆಂಬ ಅರಿವು ಸಾಮಾನ್ಯವಾಗಿ ಉಳಿದಿರುತ್ತದೆ. ಟೋಯೆಯಲ್ಲಿ ಅದೂ ಹೋಗುತ್ತದೆ, ಭ್ರಮೆ ಒಂದು ದಿನ ಮೀರಿ ನಡೆಯಬಹುದು. ಪ್ರವಾಸಿಗರಿಗೆ ದೃಶ್ಯ ಜೋರಾಗಿರಲೆಂದು ಇದನ್ನು ಸೇರಿಸುವವರಿದ್ದಾರೆ. ‘ಬಳ್ಳಿ, ಎಲೆ ಬಿಟ್ಟು ಇನ್ನೇನು ಹಾಕಿದ್ದೀರಿ?’ ಎಂಬುದೇ ಹಾಗಾಗಿ ಮೊದಲ ಪ್ರಶ್ನೆ.

ಮಪಾಚೊ ನಿಕೊಟಿಯಾನಾ ರಸ್ಟಿಕಾ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿರುವ ಸಾಮಾನ್ಯ ಹೊಗೆಸೊಪ್ಪು ನಿಕೊಟಿಯಾನಾ ಟಬಾಕಮ್‌ಗಿಂತ ಹಲವು ಪಟ್ಟು ನಿಕೊಟಿನ್ ಇರುವ ಜಾತಿ. ಅದರ ಹೊಗೆ ಊದುವುದು ಒಂದು, ರಸ ಕುಡಿಸಿ ವಾಂತಿ ಮಾಡಿಸುವುದು ಇನ್ನೊಂದು. ವಾಂತಿ ಬರದೆ ರಸ ಒಳಗೇ ಉಳಿದರೆ ರಕ್ತದೊತ್ತಡ ಕುಸಿದು, ಸ್ನಾಯು ಸೋತು, ಉಸಿರು ನಿಲ್ಲುತ್ತದೆ. ಇದರಿಂದ ಸಾವುಗಳಾಗಿವೆ. ಕಾಂಬೊ ಗಿಡವೇ ಅಲ್ಲ, ಫಿಲೊಮೆಡುಸಾ ಬೈಕಲರ್ ಎಂಬ ಹಸಿರು ಮರಗಪ್ಪೆಯ ಚರ್ಮದ ಸ್ರಾವ. ಮಾತ್ಸೆಸ್ ಮತ್ತು ಕಟುಕೀನಾ ಜನ ಬೇಟೆಗೆ ಮುಂಚೆ ತೋಳಿನ ಮೇಲೆ ಚಿಕ್ಕ ಸುಟ್ಟಗಾಯ ಮಾಡಿ ಅದನ್ನು ಹಚ್ಚುತ್ತಿದ್ದರು. ಅದರ ಪೆಪ್ಟೈಡುಗಳು, ಅಂದರೆ ಪುಟ್ಟ ಪ್ರೋಟೀನ್ ತುಣುಕುಗಳು, ನೇರ ರಕ್ತಕ್ಕಿಳಿದು ಎದೆಬಡಿತ, ಮುಖದ ಊತ, ವಾಂತಿ ತರುತ್ತವೆ. ಇಲ್ಲಿ ಪ್ರಾಣಕ್ಕೆ ಎರವಾಗುವುದು ಕಪ್ಪೆಗಿಂತ ನೀರು. ವಾಂತಿ ಸರಾಗವಾಗಲೆಂದು ಲೀಟರುಗಟ್ಟಲೆ ನೀರು ಕುಡಿಸುತ್ತಾರೆ. ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಂಡು ಸೆಳವು ಬರುತ್ತದೆ. ಬ್ರೆಜಿಲ್ 2004ರಲ್ಲೇ ಕಾಂಬೊ ಜಾಹೀರಾತನ್ನು ನಿಷೇಧಿಸಿತು.

‘ದಿಯೆತಾ’ ಎಂಬ ಪಥ್ಯದ ಬಗ್ಗೆ ಒಂದು ಮಾತು. ಉಪ್ಪು, ಸಕ್ಕರೆ, ಖಾರ, ಹಂದಿಮಾಂಸ, ಮದ್ಯ, ಸಂಭೋಗ ಇವೆಲ್ಲ ವರ್ಜ್ಯ. ಕಾವಲಿನ ಕಿಣ್ವ ಮಲಗಿರುವಾಗ ಹಳೆಯ ಚೀಸ್‌ನಂಥ ಆಹಾರದ ಟೈರಮಿನ್ ಎಂಬ ವಸ್ತು ರಕ್ತದೊತ್ತಡ ಏರಿಸದಂತೆ ಪೂರ್ವಿಕರು ಕಂಡುಕೊಂಡ ಉಪಾಯವಿದು ಎಂದು ವೇದಿಕೆಗಳಲ್ಲಿ ಪದೇ ಪದೇ ಹೇಳುತ್ತಾರೆ. ಆದರೆ ಉಪ್ಪಿನಲ್ಲೂ ಸಕ್ಕರೆಯಲ್ಲೂ ಟೈರಮಿನ್ ಎಲ್ಲಿದೆ? ಪಥ್ಯ ಎಂಬುದು ಗಿಡದ ಜೊತೆ ಶಿಷ್ಯ ಮಾಡಿಕೊಳ್ಳುವ ವ್ರತ. ಅದಕ್ಕೆ ರಸಾಯನದ ಅಂಗಿ ತೊಡಿಸಬೇಕಾದ ಅಗತ್ಯವೇನೂ ಇಲ್ಲ. ಚೀಸ್ ಬಿಡುವುದು ಒಳ್ಳೆಯದೇ, ಆದರೆ ಚೀಸ್ ಬಿಟ್ಟು ಮಾತ್ರೆಯ ವಿಷಯ ಮುಚ್ಚಿಟ್ಟವರು ತಪ್ಪು ಬಾಗಿಲಿಗೆ ಬೀಗ ಹಾಕಿದಂತೆ.

ಚಿಕಿತ್ಸೆಯ ಮಾತಿಗೆ ಬಂದರೆ, ಬ್ರೆಜಿಲ್‌ನ ನಟಾಲ್ ನಗರದಲ್ಲಿ ಔಷಧಕ್ಕೆ ಬಗ್ಗದ ಖಿನ್ನತೆಯ 29 ರೋಗಿಗಳ ಮೇಲೆ ನಡೆದ ಪ್ರಯೋಗ ಗಮನಿಸತಕ್ಕದ್ದು. 14 ಮಂದಿಗೆ ಒಮ್ಮೆ ಮಾತ್ರ ಅಯಾವಾಸ್ಕಾ, 15 ಮಂದಿಗೆ ಹುಸಿ ಕಷಾಯ. ಹುಸಿಯದ್ದನ್ನೂ ಕಹಿಯಾಗಿ, ಕಂದಾಗಿ ಕಾಣುವಂತೆ ಮಾಡಿ, ಹೊಟ್ಟೆ ತೊಳಸಲೆಂದು ಸತುವಿನ ಸಲ್ಫೇಟ್ ಬೆರೆಸಿದ್ದರು. ಮೊದಲ ಗುಂಪಿನ ಎಲ್ಲರಿಗೂ ಒಂದೇ ಪಾತ್ರೆಯ, ಸಾರ ಅಳೆದ ಕಷಾಯ. ಏಳನೆಯ ದಿನ ಒಂದು ಮಾಪನದಲ್ಲಿ ಮೊದಲ ಗುಂಪಿನ 64 ಶೇಕಡಾ, ಎರಡನೆಯದರಲ್ಲಿ 27 ಶೇಕಡಾ ಮಂದಿ ಗಣನೀಯವಾಗಿ ಸುಧಾರಿಸಿದ್ದರು. ಒಳ್ಳೆಯ ಸುಳಿವು. ಆದರೆ 29 ಜನ, ಏಳು ದಿನ. ಅದೂ ಹಳೆಯ ಮಾತ್ರೆಗಳನ್ನು ವೈದ್ಯರ ಕಣ್ಗಾವಲಲ್ಲಿ ಕ್ರಮವಾಗಿ ನಿಲ್ಲಿಸಿದ ಮೇಲೆ. ಮಳಿಗೆಯ ಬಾಟಲಿಗೆ ಈ ಅಂಕಿ ಅಂಟಿಸುವಂತಿಲ್ಲ.

ದೃಶ್ಯ ತೋರಿಸದ ಗಿಡಗಳಿಗೆ ಸಭೆಗಳಲ್ಲಿ ಕೇಳುಗರು ಕಡಿಮೆ, ಔಷಧಶಾಸ್ತ್ರಕ್ಕೆ ಅಮೆಜಾನ್ ಕೊಟ್ಟ ಗಟ್ಟಿ ಕೊಡುಗೆ ಮಾತ್ರ ಅಲ್ಲೇ ಇದೆ. ಕ್ರೋಟನ್ ಲೆಕ್ಲೆರಿ ಮರಕ್ಕೆ ಕಚ್ಚು ಹಾಕಿದರೆ ಸುರಿಯುವ ರಕ್ತವರ್ಣದ ಹಾಲು ಗಾಯಕ್ಕೆ, ಭೇದಿಗೆ ಹಳ್ಳಿಮದ್ದು. ಅದರಿಂದ ಪಡೆದ ಕ್ರೊಫೆಲೆಮರ್‌ಗೆ 2012ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್‌ಐವಿ ಚಿಕಿತ್ಸೆಯಲ್ಲಿರುವವರ ಭೇದಿಗೆಂದು ಒಪ್ಪಿಗೆ ಕೊಟ್ಟರು. ಬಾಣದ ವಿಷ ಕುರಾರೆ 1942ರಲ್ಲಿ ಶಸ್ತ್ರಚಿಕಿತ್ಸೆಯ ಮೇಜಿಗೆ ಬಂತು. ಒಂದು ಬಗೆಯ ಕುರಾರೆ ತಯಾರಾಗುವ ಸ್ಟ್ರಿಕ್ನಾಸ್ ಕುಲಕ್ಕೆ ನಮ್ಮ ಕಾಸರಕವೂ ಸೇರಿದೆ: ಅಲ್ಲಿನದು ಸ್ನಾಯು ಸಡಿಲಿಸುತ್ತದೆ, ಇಲ್ಲಿನದು ಸೆಟೆಸುತ್ತದೆ.

ಬಳ್ಳಿಯ ಒಡೆತನದ ಜಗಳವೂ ಭಾರತದ ಓದುಗರಿಗೆ ಹೊಸದಲ್ಲ. 1986ರಲ್ಲಿ ಅಮೆರಿಕನ್ನರೊಬ್ಬರು ಅಯಾವಾಸ್ಕಾ ಬಳ್ಳಿಯ ಒಂದು ತಳಿಗೆ ಪೇಟೆಂಟ್ ಪಡೆದರು. ಅಮೆಜಾನಿನ ಮೂಲನಿವಾಸಿಗಳ ಒಕ್ಕೂಟದ ದೂರಿನ ಮೇಲೆ 1999ರಲ್ಲಿ ಅದು ರದ್ದಾಯಿತು, 2001ರಲ್ಲಿ ಮರಳಿ ಜೀವ ಪಡೆಯಿತು, ಅವಧಿ ಮುಗಿದು ಸತ್ತದ್ದು 2003ರಲ್ಲಿ. ನಮ್ಮ ಅರಿಸಿನದ ಪೇಟೆಂಟ್ 1997ರಲ್ಲೇ ಬಿದ್ದದ್ದು, ಹಳೆಯ ಲಿಖಿತ ದಾಖಲೆಗಳನ್ನು ಮುಂದಿಡಲು ಸಾಧ್ಯವಾದದ್ದರಿಂದ. ಹಾಡಿನಲ್ಲಿ ಉಳಿದ ಜ್ಞಾನಕ್ಕೆ ಆ ಅನುಕೂಲವಿರಲಿಲ್ಲ.

ಕಾನೂನು ದೇಶಕ್ಕೊಂದು ಬಗೆ. ಪೆರುವಿನಲ್ಲಿ ಪಾರಂಪರಿಕ ಬಳಕೆಗೆ ತಡೆಯಿಲ್ಲ, ಬ್ರೆಜಿಲ್‌ನಲ್ಲಿ ಧಾರ್ಮಿಕ ಬಳಕೆಗೆ ಅನುಮತಿಯಿದೆ. ಭಾರತದಲ್ಲಿ ಡಿಎಂಟಿ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ವಸ್ತು. ಬೆಲೆನ್ ಓಣಿಯಲ್ಲಿ ಕಷಾಯವೆಂದು ಕೊಂಡ ಬಾಟಲಿ ಬೆಂಗಳೂರಿನ ಕಸ್ಟಮ್ಸ್ ಮೇಜಿನ ಮೇಲೆ ಕಷಾಯವಾಗಿ ಉಳಿಯುವುದಿಲ್ಲ.