ಸೂರು ಚಾಚುವ ಮುನ್ನ ಗಾಳಿಯನ್ನೂ ಕೇಳಿ

ವಾಸ್ತುಶಿಲ್ಪ ಓದುವ ಮಕ್ಕಳು ವಿಮಾನ ನಿಲ್ದಾಣದ ಡ್ರಾಯಿಂಗ್ ತಂದರೆ ನಾನು ಮೊದಲು ನೋಡುವುದು ಸೂರಿನ ಅಂಚನ್ನು. ಮೊನ್ನೆ ಒಬ್ಬಳು ನಮ್ಮ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಅಂತಲೇ ಒಂದು ಟರ್ಮಿನಲ್ ಬರೆದು ತಂದಿದ್ದಳು. ದಕ್ಷಿಣಕ್ಕೆ ಉದ್ದನೆಯ ಸೂರು, ಉತ್ತರಕ್ಕೆ ಬರೀ ಗಾಜು. ‘ಉತ್ತರದ ಬೆಳಕು ತಂಪು ಅಲ್ವಾ ಸಾರ್?’ ಅಂದಳು.

ದೆಹಲಿಯಲ್ಲಾದರೆ ಬಹುಪಾಲು ಸರಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರಕ್ಕೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ಮೂರನೇ ವಾರದ ತನಕ ಅಲ್ಲೇ ಇರುತ್ತಾನೆ. ಮೇ ತಿಂಗಳ ಬಿಸಿಲು ಬೀಳುವುದು ಆ ಗಾಜಿನ ಮೇಲೇ! ಪುಣ್ಯಕ್ಕೆ ಆಗ ಸೂರ್ಯ ಎತ್ತರದಲ್ಲಿರುತ್ತಾನೆ. ಜೂನ್ ಮಧ್ಯಾಹ್ನ 1 ಮೀಟರ್ ಸೂರು 5 ಮೀಟರ್ ಗೋಡೆಗೆ ನೆರಳು ಕೊಡುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಕಡೆ ಅದೇ 1 ಮೀಟರಿಗೆ ಸಿಗುವುದು 1.4 ಮೀಟರ್ ನೆರಳು ಮಾತ್ರ. ಪಶ್ಚಿಮಕ್ಕೆ ನಾಲ್ಕು ಗಂಟೆಯ ಮೇಲೆ ಯಾವ ಸೂರೂ ಸಾಲದು. ಅಲ್ಲಿ ಶೌಚಾಲಯ, ಮೆಟ್ಟಿಲು, ಸ್ಟೋರ್ ಇಟ್ಟುಬಿಡಿ. ಮಂಡಕಳ್ಳಿಯ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಅದರ ಪಕ್ಕಕ್ಕೇ ಟರ್ಮಿನಲ್ ಮಲಗಿಸಿದರೆ ಪಶ್ಚಿಮಕ್ಕೆ ಸಿಗುವುದು ಕಿರಿದಾದ ಗೋಡೆ.

ಹಾಗಾದರೆ ಸೂರು ಜಾಸ್ತಿ ಚಾಚಿದಷ್ಟೂ ಒಳ್ಳೆಯದಾ? ತಕರಾರು ಇರುವುದೇ ಇಲ್ಲಿ. ನೆರಳು ಕೊಡುವ ಅಂಚನ್ನೇ ಗಾಳಿ ಮೊದಲು ಹಿಡಿಯುತ್ತದೆ.

ಕೆಲಸ ಶುರುಮಾಡಿದ ಹೊಸದರಲ್ಲಿ ಮಂಡ್ಯದ ಹತ್ತಿರ ಒಂದು ಗೋದಾಮು ಮಾಡಿದ್ದೆ. ಭರಣಿ ಮಳೆ, ಜತೆಗೆ ಬಿರುಗಾಳಿ. ಸೂರಿನ ಎರಡು ಶೀಟು ಪಕ್ಕದ ಕಬ್ಬಿನ ಗದ್ದೆಯಲ್ಲಿ ಬಿದ್ದಿದ್ದವು. ಮೇಲೆ ಹತ್ತಿ ನೋಡಿದರೆ ಸ್ಕ್ರೂಗಳೆಲ್ಲ ಇದ್ದ ಜಾಗದಲ್ಲೇ ಇವೆ! ಶೀಟು ಮಾತ್ರ ಸ್ಕ್ರೂ ತಲೆಯ ಸುತ್ತ ಹರಿದು ಕಿತ್ತು ಹೋಗಿತ್ತು. ತಪ್ಪು ಮೇಸ್ತ್ರಿಯದಲ್ಲ, ನನ್ನದು. ನಡುವೆಯೂ ಅಂಚಿನಲ್ಲೂ ಸ್ಕ್ರೂಗೆ ಒಂದೇ ಅಂತರ ಬರೆದಿದ್ದೆ.

ನಮ್ಮ ದೇಶದ ಕಟ್ಟಡ ನಿಯಮಗಳ (ಕೋಡ್) ಪ್ರಕಾರ ಮೈಸೂರಿನಲ್ಲಿ ವಿನ್ಯಾಸದ ಲೆಕ್ಕಕ್ಕೆ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಹತ್ತಿರ ಹತ್ತಿರ 120 ಕಿಲೋಮೀಟರ್. ಲೆಕ್ಕ ಹಾಕಿದರೆ ಚದರ ಮೀಟರಿಗೆ ಸುಮಾರು 65 ಕೆಜಿ ಒತ್ತಡ. ಶೀಟಿನ ತೂಕವೋ, 5 ಕೆಜಿ ಆಸುಪಾಸು. ಸೂರಿನಲ್ಲಿ ಗಾಳಿ ಕೆಳಗಿನಿಂದ ಎತ್ತುತ್ತದೆ, ಮೇಲಿನಿಂದ ಎಳೆಯುತ್ತದೆ. ಎರಡೂ ಕೂಡಿಕೊಳ್ಳುತ್ತವೆ. ಈಗ ನಾನು ಅಂಚಿನಲ್ಲಿ ಸ್ಕ್ರೂ ಅಂತರ ಅರ್ಧಕ್ಕಿಳಿಸುತ್ತೇನೆ. ಸೂರಿನ ಕೆಳಗೂ ಶೀಟು ಹೊಡೆದು ಮುಚ್ಚಿ, ಚಾವಣಿಯನ್ನು ಕಂಬಕ್ಕೆ, ಕಂಬವನ್ನು ಪಾಯಕ್ಕೆ ಬಿಗಿಯುತ್ತೇನೆ.

ಇನ್ನು ನೀರು. 4,000 ಚದರ ಮೀಟರ್ ಚಾವಣಿಯ ಮೇಲೆ ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಹೊಡೆದರೆ ಸೆಕೆಂಡಿಗೆ 110 ಲೀಟರ್ ನೀರು. ಚಾವಣಿಯ ನೀರು ಹಿಡಿದು ಹರಿಸುವ ದೋಣಿಗಳನ್ನು ಕಟ್ಟಡದ ಹೊರಗೇ ಇಡಿ, ಉಕ್ಕಿದರೂ ಪ್ರಯಾಣಿಕರ ತಲೆ ಮೇಲೆ ಸುರಿಯಬಾರದು. 2024ರ ಜೂನ್ 28ರಂದು ದೆಹಲಿಯ ಟರ್ಮಿನಲ್ 1ರಲ್ಲಿ, ಮರುದಿನ ರಾಜ್‌ಕೋಟ್‌ನಲ್ಲಿ, ಮಳೆಯ ನಡುವೆ ಬಿದ್ದದ್ದು ಜನ ಕಾರಿಂದ ಇಳಿಯುವ ಜಾಗದ ಚಾವಣಿಯೇ. ಜನರೇಟರ್, ಪ್ಯಾನೆಲ್ ಬೋರ್ಡು ನೆಲಮಾಳಿಗೆಗೆ ಬೇಡ. 2018ರ ಆಗಸ್ಟಿನಲ್ಲಿ ಪ್ರವಾಹದಿಂದಾಗಿ ಕೇರಳದ ಕೊಚ್ಚಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು.

ನನ್ನ ಪ್ರತಿ ಡ್ರಾಯಿಂಗಿನಲ್ಲೂ ದೋಣಿಯ ತನಕ ಒಂದು ಕಬ್ಬಿಣದ ಏಣಿ ಇರುತ್ತದೆ, ಅಶ್ವಿನಿ ಮಳೆಗೆ ಮುಂಚೆ ಯಾರಾದರೂ ಹತ್ತಿ ಎಲೆ ಕಸ ತೆಗೆಯಲಿ ಅಂತ. ಖರ್ಚು ಕಡಿಮೆ ಮಾಡಿ ಅಂದವರೆಲ್ಲ ಮೊದಲು ಬೆರಳಿಡುವುದು ಆ ಏಣಿಯ ಮೇಲೇ. ಆ ಹುಡುಗಿಯ ಡ್ರಾಯಿಂಗಿನಲ್ಲೂ ಅದು ಇರಲಿಲ್ಲ, ಪೆನ್ಸಿಲ್ ತಗೊಂಡು ನಾನೇ ಬರೆದು ಕೊಟ್ಟೆ.