ವ್ಯಕ್ತಿತ್ವ ಪ್ರಕಾರ: ನಾಲ್ಕು ಅಕ್ಷರಗಳನ್ನು ಓದುವ ಬಗೆ

ಮನುಷ್ಯರ ಸ್ವಭಾವವನ್ನು ಕೆಲವೇ ಗುಂಪುಗಳಾಗಿ ವಿಂಗಡಿಸಿ, ಒಬ್ಬೊಬ್ಬರನ್ನೂ ಅವುಗಳಲ್ಲಿ ಒಂದಕ್ಕೆ ಸೇರಿಸುವ ಕ್ರಮಕ್ಕೆ ವ್ಯಕ್ತಿತ್ವ ಪ್ರಕಾರ ಎನ್ನುತ್ತಾರೆ. ಇಂತಹ ವಿಂಗಡಣೆ ನಮಗೆ ಹೊಸದಲ್ಲ. ಸಾತ್ವಿಕ, ರಾಜಸ, ತಾಮಸವೆಂದೂ ವಾತ, ಪಿತ್ತ, ಕಫ ಪ್ರಕೃತಿಯೆಂದೂ ಜನರನ್ನು ಗುರುತಿಸುತ್ತ ಬಂದಿದ್ದೇವೆ. ಈಗ ಹೆಚ್ಚು ಬಳಕೆಯಲ್ಲಿರುವುದು ಐಎನ್‌ಟಿಜೆ, ಇಎಸ್‌ಎಫ್‌ಪಿ ಎಂಬಂತಹ ನಾಲ್ಕಕ್ಷರದ ಗುರುತುಗಳು. ಕಂಪನಿಗಳ ತರಬೇತಿ ಶಿಬಿರಗಳಲ್ಲಿಯೂ ಯುವಕರ ಇನ್‌ಸ್ಟಾಗ್ರಾಂ ಪರಿಚಯದ ಸಾಲಿನಲ್ಲಿಯೂ ಇವು ಕಾಣಿಸುತ್ತವೆ. ದಕ್ಷಿಣ ಕೊರಿಯಾದಲ್ಲಂತೂ ಹೊಸ ಪರಿಚಯವಾದಾಗ ಯುವಜನರು ಒಬ್ಬರನ್ನೊಬ್ಬರು ಕೇಳುವ ಮಾಮೂಲಿ ಪ್ರಶ್ನೆಗಳಲ್ಲಿ ಇದೂ ಒಂದು.

ಇಂತಹ ಗುರುತು ಕೊಡುವ ಪ್ರಶ್ನಾವಳಿಯೊಂದನ್ನು ಉತ್ತರಿಸಿದಾಗ ನನಗೆ ಬಂದದ್ದು ಐಎಸ್‌ಎಫ್‌ಜೆ. ಈ ಫಲಿತಾಂಶವನ್ನೇ ಮುಂದಿಟ್ಟುಕೊಂಡು ಇಲ್ಲಿ ವ್ಯಕ್ತಿತ್ವ ಪ್ರಕಾರ ಎಂಬ ಪದವನ್ನು ವಿವರಿಸುತ್ತೇನೆ. ಬೇರೆಯವರ ಫಲಿತಾಂಶದಲ್ಲಿ ಕಾಣದ ಬಿರುಕುಗಳು ನಮ್ಮದೇ ಫಲಿತಾಂಶದಲ್ಲಿ ಬೇಗ ಕಾಣುತ್ತವೆ.

ಮೊದಲ ಅಕ್ಷರ ಐ ಅಥವಾ ಇ: ಚೈತನ್ಯ ಒಳಗಿನ ಲೋಕದಿಂದ ಬರುತ್ತದೆಯೋ ಹೊರಗಿನ ಜನರಿಂದಲೋ, ಅಂದರೆ ಅಂತರ್ಮುಖಿಯೋ ಬಹಿರ್ಮುಖಿಯೋ. ಎರಡನೆಯದು ಎಸ್ ಅಥವಾ ಎನ್: ಕಣ್ಣೆದುರಿನ ವಿವರಗಳನ್ನು ನೆಚ್ಚುತ್ತೇವೆಯೋ, ಅವುಗಳ ಹಿಂದಿನ ಒಟ್ಟು ಅರ್ಥವನ್ನು ಊಹಿಸುತ್ತೇವೆಯೋ. ಮೂರನೆಯದು ಟಿ ಅಥವಾ ಎಫ್: ತೀರ್ಮಾನಿಸುವಾಗ ತರ್ಕಕ್ಕೆ ಮೊದಲ ಮಣೆಯೋ, ಅದರಿಂದ ಯಾರಿಗೆ ಏನಾಗುತ್ತದೆ ಎಂಬುದಕ್ಕೋ. ಎಫ್ ಬಂದವರು ಮಾತುಮಾತಿಗೆ ಕಣ್ಣೀರಿಡುವವರು ಎಂದು ಯಾರೂ ತಿಳಿಯಬೇಕಾಗಿಲ್ಲ. ಕೊನೆಯದು ಜೆ ಅಥವಾ ಪಿ: ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಂಡರೆ ನೆಮ್ಮದಿಯೋ, ದಾರಿಗಳನ್ನು ತೆರೆದಿಟ್ಟುಕೊಂಡರೆ ನೆಮ್ಮದಿಯೋ. ನಾಲ್ಕು ಜೋಡಿಗಳಿಂದ ಹದಿನಾರು ಪ್ರಕಾರಗಳು ಹುಟ್ಟುತ್ತವೆ.

ಇದರ ಬೇರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಈ ವಿಷಯದ ಬಗ್ಗೆ ಬರೆದ ಗ್ರಂಥದಲ್ಲಿದೆ. ಆದರೆ ಮಯರ್ಸ್-ಬ್ರಿಗ್ಸ್ ಎಂದು ಹೆಸರಾದ ಪ್ರಶ್ನಾವಳಿಯನ್ನು ರೂಪಿಸಿದವರು ಅಮೆರಿಕದ ತಾಯಿ ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮಯರ್ಸ್. ಮಗಳು ಮದುವೆಯಾಗಬೇಕೆಂದಿದ್ದ ಕ್ಲಾರೆನ್ಸ್ ಮಯರ್ಸ್ ಮನೆಗೆ ಬಂದಾಗ, ಅವನ ನಡೆನುಡಿ ತಮ್ಮ ಮನೆಯವರೆಲ್ಲರಿಗಿಂತ ಬೇರೆಯಾಗಿರುವುದು ಕ್ಯಾಥರೀನ್‌ಗೆ ಸೋಜಿಗವೆನಿಸಿತು. ಆಕೆ ಜೀವನಚರಿತ್ರೆಗಳನ್ನು ಓದುತ್ತ ತಮ್ಮದೇ ವಿಂಗಡಣೆಯೊಂದನ್ನು ಶುರುಮಾಡಿದರು. 1923ರಲ್ಲಿ ಯೂಂಗ್ ಗ್ರಂಥದ ಇಂಗ್ಲಿಷ್ ಅನುವಾದ ಕೈಗೆ ಬಂದಾಗ ತಮ್ಮದನ್ನು ಬದಿಗಿಟ್ಟು ಅದನ್ನೇ ಹಿಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮೊದಲ ಸಲ ದುಡಿಮೆಗೆ ಹೊರಟ ಹೆಂಗಸರಿಗೆ ಹೊಂದುವ ಕೆಲಸ ಸಿಗಲಿ ಎಂಬ ಆಸೆಯಿಂದ ಮಗಳು ಪ್ರಶ್ನೆಗಳನ್ನು ಬರೆಯತೊಡಗಿದರು. ಜೆ-ಪಿ ಎಂಬ ಪ್ರತ್ಯೇಕ ಜೋಡಿಯೂ ಇವರು ಸೇರಿಸಿದ್ದೇ. ಇಬ್ಬರೂ ಮನಶ್ಶಾಸ್ತ್ರದಲ್ಲಿ ಶಿಕ್ಷಣ ಪಡೆದವರಲ್ಲ. ಅದನ್ನು ಹಿಡಿದು ಹೀಗಳೆಯುವವರಿದ್ದಾರೆ, ನನಗೆ ಅದು ಸರಿಕಾಣದು. ಅಳಿಯನಾಗುವವನನ್ನು ದೂರುವ ಬದಲು ಅವನು ಏಕೆ ಹಾಗೆ ಎಂದು ವರ್ಷಗಟ್ಟಲೆ ಯೋಚಿಸಿದ ತಾಯಿಯ ಬಗ್ಗೆ ನನಗೆ ಗೌರವವಿದೆ. ತೊಡಕಿರುವುದು ಉತ್ತರಗಳನ್ನು ಅಕ್ಷರವಾಗಿಸುವ ಲೆಕ್ಕದಲ್ಲಿ.

ಪ್ರತಿ ಜೋಡಿಯಲ್ಲಿಯೂ ನಮ್ಮ ಉತ್ತರಗಳು ಮೊದಲು ಒಂದು ಅಂಕವಾಗುತ್ತವೆ. ಆ ಅಂಕ ಮಧ್ಯದ ಗೆರೆಯ ಯಾವ ಬದಿಗೆ ಬಿದ್ದಿದೆ ಎಂದು ನೋಡಿ ಅಕ್ಷರವನ್ನು ಕೊಡುತ್ತಾರೆ. ನನ್ನ ಅಂತರ್ಮುಖತೆ ಶೇ 78 ಇತ್ತು, ಎಫ್ ಶೇ 52. ಫಲಿತಾಂಶದಲ್ಲಿ ಎರಡೂ ಅಕ್ಷರಗಳು ಒಂದೇ ದಪ್ಪದಲ್ಲಿ ಅಚ್ಚಾಗುತ್ತವೆ. ಐದೂವರೆ ಅಡಿಗಿಂತ ಮೇಲಿನವರೆಲ್ಲ ಎತ್ತರದವರು, ಕೆಳಗಿನವರೆಲ್ಲ ಕುಳ್ಳರು ಎಂದು ಗೆರೆ ಎಳೆದ ಹಾಗೆ ಇದು. ಗೆರೆಗೆ ಒಂದು ಇಂಚು ಮೇಲಿರುವವನು ಆರೂಕಾಲು ಅಡಿಯವನ ಗುಂಪಿಗೆ ಸೇರುತ್ತಾನೆ. ಒಂದು ಇಂಚು ಕೆಳಗಿರುವವನು, ಹೆಚ್ಚುಕಡಿಮೆ ಅವನಷ್ಟೇ ಎತ್ತರವಿದ್ದರೂ, ಬೇರೆ ಜಾತಿಯವನಾಗುತ್ತಾನೆ. ಜನರು ನಿಜವಾಗಿಯೂ ಎರಡು ಬಗೆಯಾಗಿದ್ದರೆ ಅಂಕಗಳು ಎರಡು ತುದಿಗಳಲ್ಲಿ ಗುಂಪುಗೂಡಬೇಕಿತ್ತು. ಅಧ್ಯಯನಗಳಲ್ಲಿ ಅವು ಹಾಗೆ ಎರಡು ಗುಡ್ಡೆಯಾಗಿ ಬೀಳುವುದಿಲ್ಲ, ಬಹುಪಾಲು ನಡುವಿನಲ್ಲೇ ಕಿಕ್ಕಿರಿದಿರುತ್ತವೆ. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ತೆಗೆದುಕೊಂಡ ಅನೇಕರಿಗೆ ಒಂದಾದರೂ ಅಕ್ಷರ ಬದಲಾಗುವುದಕ್ಕೆ ಮುಖ್ಯ ಕಾರಣ ಇದೇ. ಬದಲಾದದ್ದು ಮನುಷ್ಯನಲ್ಲ, ಗೆರೆಯ ಹತ್ತಿರವಿದ್ದ ಅಂಕ ತುಸು ಜರುಗಿರುತ್ತದೆ, ಅಷ್ಟೆ.

ಹಾಗಾಗಿ ಫಲಿತಾಂಶ ಬಂದಾಗ ಮೊದಲು ಅಂಕಗಳನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಬಗ್ಗೆ ಎಫ್ ಎಂದು ಹೇಳುವುದಕ್ಕೆ ಅರ್ಥವೇ ಇಲ್ಲ. ಲೆಕ್ಕಪತ್ರದ ಮುಂದೆ ಕುಳಿತಾಗ ನಾನು ಟಿ, ತಡವಾಗಿ ಬಂದ ಸಹೋದ್ಯೋಗಿಗೆ ಬುದ್ಧಿ ಹೇಳಬೇಕಾದಾಗ ಎಫ್. ಇನ್ನೊಂದು ಮಾತು: ಮಯರ್ಸ್-ಬ್ರಿಗ್ಸ್ ಅಧಿಕೃತ ವರದಿಯಲ್ಲಿ ಬರುವ ಅಂಕ, ನಮ್ಮ ಒಲವು ಎಷ್ಟು ಸ್ಪಷ್ಟವಾಗಿ ವ್ಯಕ್ತವಾಗಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ. ಅದು ಸಾಮರ್ಥ್ಯದ ಅಳತೆಯಲ್ಲ. ಆದ್ದರಿಂದ ಈ ಪರೀಕ್ಷೆಯನ್ನು ನೇಮಕಾತಿಗೆ ಬಳಸಬಾರದು ಎಂದು ಅದರ ಪ್ರಕಾಶಕ ಸಂಸ್ಥೆಯೇ ಹೇಳುತ್ತದೆ. ಅಷ್ಟಾದರೂ ಸಂದರ್ಶನದಲ್ಲಿ ಅಕ್ಷರಗಳನ್ನು ಕೇಳುವವರು ಅನ್ಯಾಯ ಮಾಡುತ್ತಿದ್ದಾರೆ.

ಅಂಕಗಳ ಕೆಳಗೆ ಬರುವ ವರ್ಣನೆಯನ್ನು ಓದುವಾಗ ಇನ್ನೂ ಎಚ್ಚರ ಬೇಕು. ನನ್ನದರಲ್ಲಿ ನಿಷ್ಠೆ, ಕಾಳಜಿ, ಮೆಚ್ಚುಗೆಗೆ ಕಾಯದೆ ದುಡಿಯುವ ಗುಣ ಎಲ್ಲ ಇದ್ದವು. ಯಾರಿಗೆ ಇಷ್ಟವಾಗುವುದಿಲ್ಲ! 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆಯೊಂದನ್ನು ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ ಅವರದೇ ಎಂದು ಸ್ವಭಾವಚಿತ್ರವೊಂದನ್ನು ಹಂಚಿದರು. ಅದು ಎಷ್ಟು ಸರಿಯಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಬರಹ. ಅದರ ಬಹುಪಾಲು ವಾಕ್ಯಗಳನ್ನು ಫೋರರ್ ಪತ್ರಿಕೆ ಅಂಗಡಿಯಲ್ಲಿ ಸಿಕ್ಕ ಜ್ಯೋತಿಷ ಪುಸ್ತಕದಿಂದ ಎತ್ತಿಕೊಂಡಿದ್ದರು. ನಮ್ಮ ವರ್ಣನೆ ನಮಗೆ ಒಪ್ಪುತ್ತದೆ ಎಂಬುದಷ್ಟೇ ಪುರಾವೆಯಾಗದು. ಪಕ್ಕದ ಪ್ರಕಾರದ್ದನ್ನೂ ಪೂರ್ತಿ ಎದುರಿನದ್ದನ್ನೂ ಓದಬೇಕು. ನಾನು ಐಎನ್‌ಎಫ್‌ಜೆ ವರ್ಣನೆಯನ್ನು ಓದಿದಾಗ ಅದೂ ಬಹಳಷ್ಟು ನನ್ನದೇ ಅನಿಸಿತು. ನನಗೆ ಎದುರಾದ ಇಎನ್‌ಟಿಪಿ ಮಾತ್ರ ಅನ್ಯರದೆನಿಸಿತು, ಅದೂ ಮುಖ್ಯವಾಗಿ ಅಪರಿಚಿತರ ಜೊತೆಗಿನ ವಾದದ ಹುರುಪನ್ನು ಹೇಳುವ ಭಾಗ.

ಪ್ರಶ್ನೆಗಳನ್ನು ಉತ್ತರಿಸುವಾಗ ಮನಸ್ಸಿನಲ್ಲಿ ಯಾವ ಜಾಗವಿತ್ತು ಎಂಬುದೂ ಫಲಿತಾಂಶವನ್ನು ತಿದ್ದುತ್ತದೆ. ಪಾರ್ಟಿಯಲ್ಲಿ ನೀವಾಗಿಯೇ ಹೋಗಿ ಹೊಸಬರನ್ನು ಮಾತನಾಡಿಸುತ್ತೀರಾ ಎಂಬಂತಹ ಪ್ರಶ್ನೆ ಬರುತ್ತದೆ. ಕಚೇರಿಯ ಔತಣವನ್ನು ನೆನೆದರೆ ನನ್ನ ಉತ್ತರ ಇಲ್ಲ. ನಮ್ಮ ಕಡೆಯ ಮದುವೆಮನೆಯನ್ನು ನೆನೆದರೆ, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಯಾರೇ ಆಗಿರಲಿ, ಯಾವೂರು, ಯಾರ ಪೈಕಿ ಎಂದು ನಾನೇ ಮೊದಲು ಕೇಳುತ್ತೇನೆ. ಪಾಯಸ ಬರುವಷ್ಟರಲ್ಲಿ ನೆಂಟಸ್ತಿಕೆಯೊಂದು ಹೊರಬಿದ್ದಿರುತ್ತದೆ. ಎರಡೂ ನಾನೇ. ಪ್ರಶ್ನಾವಳಿಗೆ ಜಾಗದ ಪರಿವೆಯಿಲ್ಲ, ಅದು ಎಲ್ಲ ಜಾಗಗಳ ಸರಾಸರಿಯನ್ನು ಕೇಳುತ್ತದೆ. ನಾವು ಉತ್ತರಿಸುವುದು ಆ ಕ್ಷಣಕ್ಕೆ ನೆನಪಾದ ಜಾಗವನ್ನು. ನನ್ನ ಶೇ 78ರಲ್ಲಿ ಕಚೇರಿಯ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ.

ಮನಶ್ಶಾಸ್ತ್ರಜ್ಞರು ಇಂದು ಹೆಚ್ಚಾಗಿ ನೆಚ್ಚುವುದು ಪ್ರಕಾರಗಳನ್ನಲ್ಲ, ಐದು ಗುಣಗಳ ಮಾದರಿಯನ್ನು: ಬಹಿರ್ಮುಖತೆ, ಹೊಸತಿಗೆ ತೆರೆದ ಮನಸ್ಸು, ಹೊಂದಾಣಿಕೆ, ಶಿಸ್ತು ಮತ್ತು ಭಾವನಾತ್ಮಕ ಅಸ್ಥಿರತೆ. ಇಲ್ಲಿ ಗುಂಪುಗಳಿಲ್ಲ, ಪ್ರತಿ ಗುಣಕ್ಕೂ ಅಳತೆಯಷ್ಟೇ. 1989ರಲ್ಲಿ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಮ್ಯಾಕ್‌ಕ್ರೇ ಮತ್ತು ಪಾಲ್ ಕೋಸ್ಟಾ ಎರಡನ್ನೂ ಹೋಲಿಸಿ ನೋಡಿದಾಗ, ಮಯರ್ಸ್-ಬ್ರಿಗ್ಸ್ ಜೋಡಿಗಳು ಮೊದಲ ನಾಲ್ಕು ಗುಣಗಳೊಂದಿಗೆ ತಾಳೆಯಾದವು. ಐದನೆಯದು, ಚಿಂತೆ, ಸಿಡುಕು, ಅಳುಕುಗಳನ್ನು ಅಳೆಯುವ ಗುಣ, ಅದರಲ್ಲಿ ಇರಲೇ ಇಲ್ಲ. ಹದಿನಾರೂ ವರ್ಣನೆಗಳು ಓದಲು ಅಷ್ಟು ಹಿತವಾಗಿರುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ನಾನು ಉತ್ತರಿಸಿದ್ದು ಸಿಕ್ಸ್‌ಟೀನ್ ಪರ್ಸನಾಲಿಟೀಸ್ ಎಂಬ ಉಚಿತ ಜಾಲತಾಣದ ಪ್ರಶ್ನಾವಳಿ. ಅದು ಅಧಿಕೃತ ಮಯರ್ಸ್-ಬ್ರಿಗ್ಸ್ ಪರೀಕ್ಷೆಯಲ್ಲ; ನಾಲ್ಕು ಅಕ್ಷರಗಳನ್ನು ಇಟ್ಟುಕೊಂಡು ಐದನೆಯದೊಂದನ್ನು, ಎ ಅಥವಾ ಟಿ, ಕೊನೆಗೆ ಸೇರಿಸುತ್ತದೆ. ಎ ಎಂದರೆ ತನ್ನ ಬಗ್ಗೆ ನಿಶ್ಚಿಂತರಾದವರು, ಇಲ್ಲಿ ಟಿ ಎಂದರೆ ತನ್ನನ್ನೇ ಸದಾ ಶಂಕಿಸಿಕೊಳ್ಳುವವರು. ನನಗೆ ಬಂದದ್ದು ಟಿ, ಅದೂ ಗೆರೆಯಿಂದ ಬಲು ದೂರ. ಇಡೀ ಫಲಿತಾಂಶದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಒಂದು ಅಕ್ಷರ. ಕಳಿಸಿದ ಸಂದೇಶವನ್ನು ತೆರೆದು ಮತ್ತೆ ಮತ್ತೆ ಓದುವುದು, ಹೊಗಳಿಕೆ ಬಂದರೆ ಅದರೊಳಗೆ ಟೀಕೆ ಹುಡುಕುವುದು, ಇವನ್ನು ನಾನು ಎಂದೂ ಸ್ವಭಾವವೆಂದು ಕರೆದಿರಲಿಲ್ಲ. ಆಯಾ ದಿನದ ಒತ್ತಡ ಎಂದುಕೊಂಡಿದ್ದೆ. ಐಎಸ್‌ಎಫ್‌ಜೆ ಎಂಬ ಹೆಸರಿಗಿಂತ ಆ ಪ್ರಶ್ನೆಗಳು ಎತ್ತಿಕೊಟ್ಟ ಈ ತಿಳಿವು ನನಗೆ ದೊಡ್ಡದು.

ನಮ್ಮನ್ನು ಬಲ್ಲವರಿಂದ ನಮ್ಮ ಪರವಾಗಿ ಉತ್ತರ ಬರೆಸುವುದು ಸಂಶೋಧಕರು ಬಳಸುವ ಇನ್ನೊಂದು ಮಾರ್ಗ. ಬುದ್ಧಿವಂತಿಕೆಯಂತಹ ಗುಣಗಳನ್ನು ಹತ್ತಿರದವರು ಚೆನ್ನಾಗಿ ಅಳೆಯುತ್ತಾರೆ, ಒಳಗಿನ ತಳಮಳವನ್ನು ನಾವೇ ಚೆನ್ನಾಗಿ ಬಲ್ಲೆವು ಎಂದು ಮನಶ್ಶಾಸ್ತ್ರಜ್ಞೆ ಸಿಮೀನ್ ವಜೀರ್ ಅವರ 2010ರ ಅಧ್ಯಯನ ತೋರಿಸಿದೆ. ನಾನು ತಂಗಿಯಿಂದ ಬರೆಸಿದೆ. ಮೊದಲ ನಾಲ್ಕರಲ್ಲಿ ಮೂರು ಅಕ್ಷರಗಳು ಕೂಡಿಬಂದವು. ಜೆ ಜಾಗದಲ್ಲಿ ಅವಳು ಪಿ ತಂದಿದ್ದಳು. “ಅಕ್ಕಾ, ನೀನು ಪಟ್ಟಿ ಮಾಡುತ್ತೀಯ ಅಷ್ಟೆ, ಅದರಂತೆ ಯಾವತ್ತು ನಡೆದಿದ್ದೀಯ?” ಎಂದಳು. ಪಟ್ಟಿ ಮಾಡುವುದೇ ಜೆ ಎಂದು ನಾನು ವಾದಿಸಿದೆ. ಕೊನೆಯ ಟಿ ಬಗ್ಗೆ ಮಾತ್ರ ಅವಳು ಸುಮ್ಮನಾದಳು. ಅಲ್ಲಿ ಅವಳು ಕೊಟ್ಟ ಅಂಕ ಎ ಕಡೆಗಿತ್ತು. ಇಷ್ಟು ವರ್ಷ ಒಟ್ಟಿಗೆ ಬೆಳೆದರೂ ನನ್ನ ಆ ಅಳುಕು ಅವಳಿಗೆ ಕಂಡಿರಲಿಲ್ಲ. ಪಟ್ಟಿಯ ವಿಚಾರವನ್ನು ಬಿಟ್ಟು ನಾವು ಅದನ್ನೇ ಮಾತನಾಡತೊಡಗಿದೆವು.